ಮೇಲಿನದ್ದು ತೂಕ, ಕೆಳಗಿನದ್ದು ಬರಿ

ಕಾರ್ಬನ್ನಿನ ಕೆಳಗೆ ಆರು ಬರೆಯಬೇಕು. ಆರೇ ಬರೆಯಬೇಕು. ಏಳು ಬರೆದರೆ ಅದು ಕಾರ್ಬನ್ ಅಲ್ಲ, ನೈಟ್ರೋಜನ್ ಆಗಿಬಿಡುತ್ತದೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಪುತ್ತೂರಿನ ಗುಡ್ಡದ ಮೇಲಿನ ಕಾಲೇಜಿನಲ್ಲಿ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ದಡ್ಡಿ ಎಂದು ಯಾರೂ ನಗಬೇಡಿ. ನಾನು ದಡ್ಡಿಯಲ್ಲ, ಕೂತಲ್ಲಿ ಕನಸು ಕಾಣುವವಳು. ಎರಡಕ್ಕೂ ವ್ಯತ್ಯಾಸ ಉಂಟೆಂದು ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದ ಮೇಲೂ ಹೇಳುತ್ತೇನೆ.

ಅದು ಅರವತ್ತೊಂದನೆಯ ಇಸವಿ. ನಾನು ಪಿ.ಯು.ಸಿ. ಓದುತ್ತಿದ್ದೆ. ಊಟದ ನಂತರದ ತರಗತಿ, ಹೊರಗೆ ಗೇರುಮರಗಳ ನಡುವೆ ಮಂಜು ಬಟ್ಟೆ ಒಣಗಹಾಕಿದ ಹಾಗೆ ನೇತಾಡುತ್ತಿತ್ತು. ರಸಾಯನಶಾಸ್ತ್ರ ಕಲಿಸುತ್ತಿದ್ದವರು ಸಾಹುಲ್ ಹಮೀದ್ ಸರ್, ಪುತ್ತೂರು ಪೇಟೆಯವರೇ, ತೆಳ್ಳಗಿನ ಮನುಷ್ಯ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಅವತ್ತು ನನ್ನನ್ನು ಬೋರ್ಡಿಗೆ ಕರೆದು, ಕಾರ್ಬನ್ನಿನ ಮೂರು ಐಸೋಟೋಪುಗಳನ್ನು ಬರೆ ಎಂದರು. ನಾನು ಕಿಟಕಿಯ ಮಂಜಿನಿಂದ ಆಗ ತಾನೇ ಇಳಿದು ಬಂದವಳು. ದೊಡ್ಡದಾಗಿ C ಬರೆದು, ಮೇಲೆ ಹನ್ನೆರಡು, ಕೆಳಗೆ ಆರು ಹಾಕಿದೆ. ಪಕ್ಕದ C-ಗೆ ಮೇಲೆ ಹದಿಮೂರು, ಕೆಳಗೆ ಏಳು. ಮೂರನೆಯದಕ್ಕೆ ಮೇಲೆ ಹದಿನಾಲ್ಕು, ಕೆಳಗೆ ಎಂಟು. ಮೇಲಿನದ್ದು ಏರಿದರೆ ಕೆಳಗಿನದ್ದೂ ಏರುವುದು ನ್ಯಾಯ ಎಂದು ನನಗೆ ಕಂಡಿತ್ತು.

"ಅಬ್ಬಾ!" ಎಂದರು ಸರ್. "ವಾರಿಜಾಕ್ಷಿ, ನಿಮ್ಮದು ಯಾವ ಬರಿ ಮಾರಾಯ್ತಿ?"

ತರಗತಿ ಕಿಸಕ್ಕೆಂದಿತು. ಬರಿ ಎಂದರೆ ನಮ್ಮ ತುಳುವರಲ್ಲಿ ಕುಲದ ಹೆಸರು. ತಾಯಿಯದ್ದು ಮಕ್ಕಳಿಗೆ ಬರುತ್ತದೆ, ಅಪ್ಪನದ್ದು ಬರುವುದಿಲ್ಲ. ಒಂದೇ ಬರಿಯವರು ಅಣ್ಣ ತಂಗಿಯ ಲೆಕ್ಕ, ಮದುವೆ ಆಗುವ ಹಾಗಿಲ್ಲ. ಪಾಠಕ್ಕೂ ಇದಕ್ಕೂ ಎಂತ ಸಂಬಂಧವೋ ಎಂದುಕೊಂಡು, "ಬಂಗೇರ ಬರಿ ಸರ್" ಎಂದೆ.

"ನೀನು ಒಂದು ವರ್ಷ ನಮ್ಮ ಮನೆಯಲ್ಲಿ ಪತ್ತಿರಿ ರೊಟ್ಟಿ, ಕೋಳಿಸಾರು ತಿಂದು ದಪ್ಪ ಆದೆ ಅಂತ ಇಟ್ಟುಕೊ. ಬಂಗೇರ ಹೋಗಿ ಬೇರೆ ಬರಿ ಆಗ್ತದಾ?"

"ಇಲ್ಲ ಸರ್."

"ಹಾಗಾದ್ರೆ ಕಾರ್ಬನ್ ಎಂತ ಪಾಪ ಮಾಡಿದೆ? ಮೇಲಿನದ್ದು ತೂಕ. ತಿಂದ ಹಾಗೆ ಏರ್ತದೆ. ಕೆಳಗಿನದ್ದು ಬರಿ. ಹುಟ್ಟುವಾಗ ಬಂದದ್ದು. ನಮ್ಮ ಬ್ಯಾರಿಗಳಲ್ಲೂ ಹಿಂದೆ ತಾಯಿಯ ಕಡೆ ಯಾವುದು ಅಂತಲೇ ಕೇಳುದು. ಐಸೋಟೋಪು ಅಂದ್ರೆ ಅಣ್ಣ ತಮ್ಮಂದಿರು. ತೂಕ ಬೇರೆ, ಬರಿ ಒಂದೇ. ಒರೆಸು, ಒರೆಸು!"

ಒರೆಸಿ ಬರೆದೆ: ₆C¹², ₆C¹³, ₆C¹⁴. ಆಗ ನಾವು ತೂಕವನ್ನು ಬಲಹೆಗಲ ಮೇಲೆ ಬರೆಯುತ್ತಿದ್ದೆವು. ಈಗಿನ ಮಕ್ಕಳು ಎಡಕ್ಕೆ ಬರೆಯುತ್ತಾರೆ, ಬರೆಯಲಿ. ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಕಂಡಕಂಡವರ ಕೆಳಗೊಂದು, ಮೇಲೊಂದು ಸಂಖ್ಯೆ ಕಾಣತೊಡಗಿತು. ಗದ್ದೆಯ ಕೊಕ್ಕರೆಗೆ ಎಷ್ಟು, ದಾರಿಯಲ್ಲಿ ಅಡ್ಡ ಬರುವ ಎಮ್ಮೆಗೆ ಎಷ್ಟು ಎಂದು ಯೋಚಿಸುತ್ತಾ ನಡೆದು, ನಿಲ್ಲಬೇಕಾದ ಕಡೆ ನಿಲ್ಲದೆ ಬಸ್ಸನ್ನೂ ತಪ್ಪಿಸಿಕೊಂಡದ್ದುಂಟು.

ಬಸ್ಸಿನ ಮಾತು ಬಂತಲ್ಲ, ಹೇಳಿಯೇಬಿಡುತ್ತೇನೆ. ನಮ್ಮ ಮನೆ ಕೆದಂಬಾಡಿಯಲ್ಲಿ. ಬೆಳಿಗ್ಗೆ ಸುಳ್ಯದಿಂದ ಪುತ್ತೂರಿಗೆ ಹೋಗುವ ಬಸ್ಸಿಗೆ ರಸ್ತೆಬದಿಯಲ್ಲಿ ಕಾಯುತ್ತಿದ್ದೆ. ಮಳೆಗಾಲದಲ್ಲಿ ಅದರ ಕಿಟಕಿಗಾಜು ಒಳಗಿನಿಂದ ಬೆವರುತ್ತಿತ್ತು. ಬೆರಳಿನಲ್ಲಿ ಅದರ ಮೇಲೆ ₁H¹, ₁H², ₁H³ ಎಂದು ಬರೆಯುತ್ತಾ ಕೂರುವುದು ನನ್ನ ಕೆಲಸ. ಅಕ್ಷರಗಳ ಒಳಗಿಂದ ಮರಗಳು, ಮನೆಗಳು, ಕೊಡೆ ಹಿಡಿದ ಮನುಷ್ಯರು ಹಿಂದಕ್ಕೆ ಹರಿದುಹೋಗುತ್ತಿದ್ದರು.

"ಇದೆಂತ, ಟಿಕೆಟಿನ ನಂಬ್ರವಾ?" ಎಂದು ಒಂದು ದಿನ ಕಂಡಕ್ಟರ್ ಕೇಳಿದ. ಜಾಲ್ಸೂರಿನ ಸುಂದರ. ಕಿವಿಯಲ್ಲಿ ಪೆನ್ಸಿಲ್, ಮುಖದಲ್ಲಿ ಯಾವಾಗಲೂ ಈಗ ತಾನೇ ಯಾರೋ ತಮಾಷೆ ಹೇಳಿದಂಥ ನಗು.

"ಹೈಡ್ರೋಜನ್ನು. ಇದು ಸಾದಾ, ಇದು ಇಮ್ಮಡಿ ಭಾರ. ಭಾರದ್ದರಿಂದ ನೀರು ಮಾಡಿದ್ರೆ ನೀರೂ ಭಾರ ಆಗ್ತದೆ."

"ಹಾಗಾದ್ರೆ ಆ ನೀರನ್ನು ಈ ಬಸ್ಸಿನ ರೇಡಿಯೇಟರಿಗೆ ಹಾಕುದು ಬೇಡ. ಈಗಲೇ ಏರು ಹತ್ತುದಿಲ್ಲ."

ನಾನು ನಕ್ಕೆ. ಅಷ್ಟೇ ಸಾಕಾಯಿತು. ಮರುದಿನದಿಂದ ಆ ಕಿಟಕಿಯ ಸೀಟು ನನಗಾಗಿ ಖಾಲಿ ಇರುತ್ತಿತ್ತು. ಅದರ ಮೇಲೆ ಕಂಡಕ್ಟರನ ಚೀಲ ಕೂತಿರುತ್ತಿತ್ತು. ನಾವು ಆಡಿದ ಮಾತುಗಳನ್ನು ಒಟ್ಟು ಮಾಡಿದರೆ ಒಂದು ಕೊಬ್ಬರಿ ಚಿಪ್ಪು ತುಂಬಲಿಕ್ಕಿಲ್ಲ. ಆದರೂ ಮಳೆ ನಿಲ್ಲುವಷ್ಟರಲ್ಲಿ, ಈ ಮನುಷ್ಯನನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವುದಿಲ್ಲ ಎಂದು ನಾನು ನಿಶ್ಚಯ ಮಾಡಿಯಾಗಿತ್ತು. ಅವನೂ ಹಾಗೇ. ಬರಿ ಗಿರಿ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಪ್ರೀತಿ ಮಾಡುವಾಗ ಯಾರು ಕೆಳಗೆ ನೋಡುತ್ತಾರೆ?

ನನ್ನ ಅಪ್ಪೆಗೆ ಹೇಳಿದೆ. ತುಳುವಿನಲ್ಲಿ ಅಮ್ಮನಿಗೆ ಅಪ್ಪೆ ಅನ್ನುತ್ತಾರೆ. ಹೆಸರು ಪೂವಕ್ಕ. ನನಗೆ ಗೊತ್ತಿದ್ದ ಇಡೀ ಕುಟುಂಬ ಅವಳೊಬ್ಬಳೇ. ಗಂಡ ಸತ್ತ ಮೇಲೆ ಹಸುಗೂಸಾದ ನನ್ನನ್ನು ಎತ್ತಿಕೊಂಡು ಕೆದಂಬಾಡಿಗೆ ಬಂದು ನಿಂತವಳು ಎಂದು ಊರಿಗೆಲ್ಲ ಗೊತ್ತಿತ್ತು. ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಬೆರಳುಗಳು ತಾವಾಗಿಯೇ ಓಡುತ್ತಿದ್ದವು, ಕಣ್ಣು ಮಾತ್ರ ನನ್ನ ಮೇಲೆ. ಅವಳಿಗೆ ಓದು ಬರಹ ಇಲ್ಲ. ಆದರೆ ಪ್ರತಿ ಸಂಜೆ, "ಇವತ್ತು ಯಾವುದು ಬರೆದೆ? ಅದರ ತೂಕ ಎಷ್ಟು?" ಎಂದು ಕೇಳದೆ ಬಿಡುತ್ತಿರಲಿಲ್ಲ. ಯುರೇನಿಯಂ ಇನ್ನೂರ ಮೂವತ್ತೆಂಟು ಎಂದಾಗ, "ದೇವರೇ, ಹೊರುದು ಯಾರು ಅದನ್ನು?" ಎಂದಿದ್ದಳು.

ಸುಂದರನ ವಿಷಯ ಕೇಳಿ ಅವಳ ಮುಖ ಅರಳಿತು. "ಬಸ್ಸಿನ ಆ ಹುಡುಗನಾ? ನನ್ನ ಬುಟ್ಟಿಯನ್ನು ಅವನೇ ಮೇಲೆ ಹಾಕುದು. ಒಳ್ಳೆ ಹುಡುಗ. ಬರ್ಲಿ, ಹಿರಿಯರನ್ನು ಕರ್ಕೊಂಡು ಬರ್ಲಿ."

ಗದ್ದೆ ಕೊಯ್ಲು ಮುಗಿದ ಮೇಲೆ ಸುಂದರನ ಸೋದರಮಾವ ಸಂಕಪ್ಪ ಬಂದರು. ನಮ್ಮ ಕಡೆ ಮದುವೆ ಮಾತು ಮಾವನದ್ದೇ. ಕೊಡೆಯನ್ನು ಕಂಬಕ್ಕೆ ಒರಗಿಸಿ, ಬೆಲ್ಲ ನೀರು ಕುಡಿದು, ವೀಳ್ಯಕ್ಕೆ ಕೈ ಹಾಕುವ ಮೊದಲು ಕ್ರಮದ ಪ್ರಕಾರ ಕೇಳಿದರು.

"ಹೆಣ್ಣಿನ ಬರಿ ಯಾವುದು ಪೂವಕ್ಕ?"

"ಬಂಗೇರ" ಎಂದಳು ಅಪ್ಪೆ, ನೀರು ಕುಡಿದಷ್ಟು ಸಲೀಸಾಗಿ.

ಸಂಕಪ್ಪನವರ ಕೈ ಹರಿವಾಣದ ಮೇಲೆಯೇ ನಿಂತಿತು. "ನಮ್ಮದೂ ಬಂಗೇರವೇ" ಎಂದರು. ಆಮೇಲೆ ಬೇಸರದಿಂದಲೇ ಎದ್ದರು. "ಎಂತ ಮಾಡುದು. ಅಣ್ಣ ತಂಗಿ ಆಯ್ತಲ್ಲ. ಮಗಾ, ಮನಸ್ಸಿಗೆ ಹಚ್ಚಿಕೊಳ್ಬೇಡ." ವೀಳ್ಯವನ್ನು ಮುಟ್ಟದೆ ಕೊಡೆ ಹಿಡಿದು ಅಂಗಳ ಇಳಿದರು. ನಾನು ಅಪ್ಪೆಯನ್ನು ನೋಡಿದೆ. ಅವಳು ಹರಿವಾಣವನ್ನೇ ನೋಡುತ್ತಿದ್ದಳು. ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು.

ಅಳು ಎಂದರೆ ಅಂಥ ಅಳು. ಎರಡು ದಿನ ಗಂಜಿ ಮುಟ್ಟಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದರೆ ಕಿಟಕಿಯ ಸೀಟಿನ ಮೇಲೆ ಚೀಲ ಇರಲಿಲ್ಲ. ಸುಂದರ ಟಿಕೆಟ್ ಹರಿದು ನನ್ನ ಕೈಗಲ್ಲ, ಗಾಳಿಗೆ ಕೊಟ್ಟ ಹಾಗೆ ಕೊಟ್ಟ. ಅವನ ಕಣ್ಣು ಕೆಂಪಗಿತ್ತು. ಬಿಸಿಲಿಗೆ ಗಾಜು ಒಣಗಿ, ಬರೆಯಲು ಏನೂ ಇರಲಿಲ್ಲ. ನನಗೆ ಆ ಬರಿಯ ಮೇಲೆ, ಸಂಖ್ಯೆಗಳ ಮೇಲೆ, ಸಾಹುಲ್ ಹಮೀದ್ ಸರ್ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಕೆಳಗಿನ ಒಂದು ಪುಟ್ಟ ಸಂಖ್ಯೆ ಹಿಡಿದುಕೊಂಡು ಮನುಷ್ಯರನ್ನು ಬೇರೆ ಮಾಡುವುದೆಂದರೆ ಎಂತ ಇದು!

ಆ ವಾರವೇ ಸರ್ ಕಾರ್ಬನ್ ಹದಿನಾಲ್ಕರ ಇನ್ನೊಂದು ಗುಣ ಹೇಳಿದರು. ಸಂಜೆ ಜಗಲಿಯಲ್ಲಿ ಅಪ್ಪೆ ಎಂದಿನಂತೆ ಕೇಳಿದಳು. ನನಗೆ ಹೇಳುವ ಮನಸ್ಸಿರಲಿಲ್ಲ. ಅವಳು ಎರಡನೆಯ ಸಲ ಕೇಳಿದಳು.

"ಕಾರ್ಬನ್ ಹದಿನಾಲ್ಕು ಅಂತ ಒಂದುಂಟು. ಎಲ್ಲ ಕಾರ್ಬನ್ನಿನ ಹಾಗೇ ಇರ್ತದೆ. ಮರದಲ್ಲಿ, ಎಲೆಯಲ್ಲಿ, ನಿನ್ನ ಆ ಬೀಡಿಯಲ್ಲೂ. ಸುಮ್ಮನೆ ಕೂತಿರ್ತದೆ. ಮತ್ತೆ ಒಂದು ದಿನ ಒಳಗಿಂದ ಒಂದು ಸಣ್ಣ ಎಂತದೋ ಹೊರಗೆ ಬಿಡ್ತದೆ. ಬಿಟ್ಟ ಕೂಡಲೇ ಅದು ಕಾರ್ಬನ್ ಅಲ್ಲ, ನೈಟ್ರೋಜನ್. ಕೆಳಗಿನ ಆರು ಏಳಾಗ್ತದೆ."

ಅಪ್ಪೆಯ ಬೆರಳು ನಿಂತಿತು. ಅವಳ ಬೆರಳು ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಎಷ್ಟು ಸಮಯ ಒಳಗೆ ಇಟ್ಕೊಳ್ತದೆ?"

"ಹೇಳ್ಲಿಕ್ಕೆ ಬರುದಿಲ್ಲ. ಒಂದು ನಾಳೆಯೇ ಬಿಡಬಹುದು. ಇನ್ನೊಂದು ಸಾವಿರಾರು ವರ್ಷ ಕೂರಬಹುದು."

"ಬಿಟ್ಟ ಮೇಲೆ ಮೇಲಿನದ್ದು? ತೂಕ?"

"ಅದು ಹದಿನಾಲ್ಕೇ. ಮೊದಲು ಹದಿನಾಲ್ಕು, ಮತ್ತೂ ಹದಿನಾಲ್ಕು."

"ತೂಕ ಹೋಗುದಿಲ್ಲ."

"ಇಲ್ಲ."

ಅವಳು ಗದ್ದೆಯ ಕಡೆ ತಿರುಗಿದಳು. ಕೊಯ್ದ ಗದ್ದೆಯ ಮೇಲೆ ಸಂಜೆಯ ಬಿಸಿಲು, ಅದರಲ್ಲಿ ತೇಲುವ ಹೊಟ್ಟು, ದೂರದಲ್ಲಿ ಯಾರದೋ ದನದ ಗಂಟೆ. ನಾನು ಆ ಬಿಸಿಲಿನೊಳಗೇ ನಿದ್ದೆಗೆ ಜಾರಿದೆ. ಕನಸಿನಲ್ಲಿ ಹೊಟ್ಟಿನ ಒಂದೊಂದು ಚೂರಿಗೂ ಒಂದೊಂದು ಸಂಖ್ಯೆ ಇತ್ತು, ಯಾವುದೂ ನೆಲಕ್ಕೆ ಬೀಳುತ್ತಿರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅಪ್ಪೆ, "ಒಳ್ಳೆ ಸೀರೆ ಉಟ್ಟುಕೊ. ಜಾಲ್ಸೂರಿಗೆ ಹೋಗುದು" ಎಂದಳು. ಯಾಕೆ ಎಂದರೆ, "ಮಾತಾಡ್ಬೇಡ. ನನ್ನ ಧೈರ್ಯ ಬಾಯಿಯವರೆಗೆ ತುಂಬಿ ಉಂಟು, ಚೆಲ್ಲಿಹೋಗ್ತದೆ" ಎಂದಳು. ರಸ್ತೆಯಲ್ಲಿ ಹಸನಬ್ಬ ಬ್ಯಾರಿ ಬಿಳಿ ಮುಂಡು, ಬಿಳಿ ಟೊಪ್ಪಿಯಲ್ಲಿ ಕಾಯುತ್ತಿದ್ದರು. ಅಪ್ಪೆಗೆ ಎಲೆ, ಹೊಗೆಸೊಪ್ಪು ಕೊಟ್ಟು ಬೀಡಿ ತೆಗೆದುಕೊಳ್ಳುತ್ತಿದ್ದವರು ಅವರೇ. ಅವರು ನನ್ನನ್ನು ನೋಡಿ ನಗಲಿಲ್ಲ, ತಲೆಯ ಮೇಲೆ ಕೈಯಿಟ್ಟರು. ನನಗೆ ಹೆದರಿಕೆ ಹತ್ತಿತು.

ಸಂಕಪ್ಪನವರ ಜಗಲಿಯಲ್ಲಿ ಚಾಪೆ ಹಾಸಿದರು. ಅಪ್ಪೆ ಕೂರಲಿಲ್ಲ. ಸುಂದರ ಬಾಗಿಲ ಸಂದಿಯಲ್ಲಿ ನಿಂತಿದ್ದ.

"ಸಂಕಪ್ಪಣ್ಣ, ಆವತ್ತು ನಾನು ಹೇಳಿದ್ದು ನನ್ನ ಬರಿ. ಹುಡುಗಿಯದ್ದಲ್ಲ" ಎಂದಳು. "ಇವಳನ್ನು ನಾನು ಹೆತ್ತದ್ದಲ್ಲ. ಇವಳು ನನ್ನ ತಮ್ಮನ ಮಗಳು. ಅವನು ಘಟ್ಟದ ಮೇಲೆ ಕಾಫಿ ತೋಟದಲ್ಲಿದ್ದ. ಅಲ್ಲಿ ಮದುವೆ ಆದ ಹುಡುಗಿ ಸೀತು. ಆದೂರು ಕಡೆಯವಳು, ಕರ್ಕೇರ ಬರಿ. ಇವಳನ್ನು ಹೆತ್ತು ಸತ್ತಳು. ತಮ್ಮ ಇವಳನ್ನು ತಂದು ನನ್ನ ಮಡಿಲಿಗೆ ಹಾಕಿದ, ತಿರುಗಿ ಹೋಗಿ ಅವನೂ ಜ್ವರದಲ್ಲಿ ಸತ್ತ. ನನಗೆ ಮಕ್ಕಳಿರಲಿಲ್ಲ. ಹೆಣ್ಣಿಲ್ಲದಿದ್ರೆ ನನ್ನಲ್ಲಿಗೆ ನಮ್ಮ ತಾಯಿಯ ಸಂತಾನ ನಿಲ್ತದೆ. ಗುರುತಿಲ್ಲದ ಊರಿಗೆ ಬಂದು ನನ್ನ ಮಗಳು ಅಂದೆ. ಊರು ಹೌದು ಅಂತು. ಸ್ವಲ್ಪ ದಿನದಲ್ಲಿ ನಾನೂ ಹೌದು ಅಂದೆ. ಆವತ್ತು ನೀವು ಕೇಳಿದಾಗ ನನಗೆ ಸುಳ್ಳು ಅಂತ ನೆನಪೇ ಆಗ್ಲಿಲ್ಲ."

ಸಂಕಪ್ಪನವರು ಕಣ್ಣು ಕಿರಿದು ಮಾಡಿದರು. "ಮದುವೆ ಮುರಿದ ಮೇಲೆ ಬಂದ ಮಾತು ಇದು ಪೂವಕ್ಕ. ನಂಬುದು ಹೇಗೆ?"

ಹಸನಬ್ಬ ಬ್ಯಾರಿ ಗಂಟಲು ಸರಿ ಮಾಡಿಕೊಂಡರು. "ಘಟ್ಟದಿಂದ ಇವಳನ್ನು ಇಳಿಸಿದ್ದು ನನ್ನ ಗಾಡಿ. ಕಿತ್ತಳೆ ಬುಟ್ಟಿಗಳ ನಡುವೆ ಇಟ್ಟು ತಂದದ್ದು. ದಾರಿಯಿಡೀ ಅತ್ತು ಕಿವಿ ತೂತು ಮಾಡಿದ್ದಾಳೆ. ಹೇಳ್ಬೇಡಿ ಬ್ಯಾರಿಗಳೇ ಅಂತ ಪೂವಕ್ಕ ಮಾತು ತೆಗೊಂಡಿದ್ರು. ಇವತ್ತು ಅವರೇ ಬಿಟ್ಟುಕೊಟ್ರು. ಆದೂರಲ್ಲಿ ಸೀತುವಿನ ಅಕ್ಕ ಇದ್ದಾರೆ, ಬೇಕಾದ್ರೆ ಹೋಗಿ ಕೇಳಿ. ಅಲ್ಲಾಹನಾಣೆ, ಸತ್ಯ."

"ನಿಮ್ಮ ಆಣೆ ಬೇಡ ಬ್ಯಾರಿಗಳೇ, ಮಾತು ಸಾಕು" ಎಂದರು ಸಂಕಪ್ಪ. ಬಾಗಿಲ ಸಂದಿಯಿಂದ ಸುಂದರನ ಉಸಿರು ನನಗೆ ಕೇಳಿಸಿತು.

ನನಗೆ ಬೇಕಾದದ್ದು ಸಿಕ್ಕಿತ್ತು. ಕುಣಿಯಬೇಕಿತ್ತು. ಆದರೆ ಹಿಂದಕ್ಕೆ ಬರುವ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತರೂ, ಅಪ್ಪೆ ಎಂದು ಕರೆಯಲು ಬಾಯಿ ಬರಲಿಲ್ಲ. ಸೋದರತ್ತೆಗೆ ಮಾಮಿ ಎನ್ನಬೇಕು, ಅದಂತೂ ಬರಲೇ ಇಲ್ಲ. ಎದೆಯಲ್ಲಿ ಯಾರೋ ಹೊರಗಿನವರು ಬಂದು ಕೂತ ಹಾಗೆ. ಕಂಡಿರದ ಸೀತುವಿನ ಮುಖವನ್ನು ಕಿಟಕಿಯಲ್ಲಿ ಹುಡುಕಿದೆ. ಅಲ್ಲಿ ಕಂಡದ್ದು ನನ್ನದೇ ಮುಖ, ಅದರ ಹಿಂದೆ ಓಡುವ ಗುಡ್ಡಗಳು.

"ಮನೆಯಲ್ಲೇ ಯಾಕೆ ಹೇಳ್ಲಿಲ್ಲ ನನಗೆ?" ಎಂದೆ ಕೊನೆಗೆ. ಸಿಟ್ಟಿನಲ್ಲೇ.

"ಒಮ್ಮೆ ಹೇಳ್ಲಿಕ್ಕೆ ಮಾತ್ರ ಶಕ್ತಿ ಇತ್ತು. ಮನೆಯಲ್ಲಿ ಹೇಳಿದ್ರೆ ಅಲ್ಲಿಗೇ ಮುಗೀತಿತ್ತು. ಜಾಲ್ಸೂರಿಗೆ ಉಳೀತಿರ್ಲಿಲ್ಲ." ಸೀರೆಯ ಸೆರಗಿನಿಂದ ಬೀಡಿಪುಡಿ ಕೊಡವಿದಳು. "ನಾಳೆಯಿಂದ ಮಾಮಿ ಅಂತ ಕರಿ. ಅದೇ ಸರಿ."

ನಾನು ಏನೂ ಕರೆಯಲಿಲ್ಲ. ನಿಶ್ಚಯದ ದಿನದವರೆಗೂ "ಇಕೊಳ್ಳಿ", "ಕೇಳ್ತದಾ" ಎಂದು ಹೇಗೋ ಸುಧಾರಿಸಿದೆ. ಅವಳೂ ಸಂಜೆ ತೂಕ ಕೇಳುವುದನ್ನು ಬಿಟ್ಟಳು.

ನಿಶ್ಚಯಕ್ಕೆ ಆದೂರಿನಿಂದ ಸೀತುವಿನ ಅಕ್ಕ ಬಂದರು. ಪಾಪ, ಒಳ್ಳೆಯ ಹೆಂಗಸು. ನನ್ನ ಗಲ್ಲ ಹಿಡಿದು, "ಮೂಗು ಅವಳದ್ದೇ" ಎಂದು ಅತ್ತರು. ನನಗೂ ಅಳು ಬಂತು. ಅಂಗಳದಲ್ಲಿ ಎದುರುಬದುರು ಚಾಪೆ. ಸಂಕಪ್ಪನವರು ಕ್ರಮದಂತೆ ಬರಿ ಕೇಳಿದರು. ದೊಡ್ಡಮ್ಮ "ಕರ್ಕೇರ" ಎಂದರು. ಬೇರೆ ಬೇರೆ ಬರಿ, ಸರಿಯಾಯಿತು, ಎಲ್ಲರೂ ತಲೆಯಾಡಿಸಿದರು.

"ಇನ್ನು ವೀಳ್ಯದ ಹರಿವಾಣ. ಹೆಣ್ಣಿನ ತಾಯಿಯ ಬರಿಯವರು ಕೊಡುದು" ಎಂದರು ಸಂಕಪ್ಪ.

ದೊಡ್ಡಮ್ಮ ಹರಿವಾಣಕ್ಕೆ ಕೈ ಚಾಚಿದರು. ನಾನು ಅಪ್ಪೆಯನ್ನು ಹುಡುಕಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ, ಹೊಗೆಗೆ ಕಪ್ಪಾದ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕರೆಯದ ಮನೆಗೆ ಬಂದವಳ ಹಾಗೆ. ಅವಳದೇ ಮನೆಯಲ್ಲಿ!

ನನ್ನ ಪಿತ್ತ ನೆತ್ತಿಗೇರಿತು. ಹೆಣ್ಣು ತಲೆ ತಗ್ಗಿಸಿ ಕೂರಬೇಕಾದ ದಿನ ಎದ್ದು ನಿಂತೆ.

"ಹೆತ್ತವಳು ಬರಿ ಕೊಟ್ಟಳು. ಕೈ ಮುಗೀತೇನೆ. ಅದು ಒಂದು ದಿನದ ಕೆಲಸ. ಈ ದೇಹದ ತೂಕ ಕೊಟ್ಟದ್ದು ಯಾರು? ಬೀಡಿ ಕಟ್ಟಿ ಕಟ್ಟಿ ಅನ್ನ ಹಾಕಿದ್ದು ಯಾರು? ಅವಳು ಹರಿವಾಣ ಹಿಡಿಯದಿದ್ರೆ ನನಗೆ ಈ ಮದುವೆಯೇ ಬೇಡ!"

ಸುಂದರನ ಮುಖ ಬಿಳಿಚಿತು. ಪಾಪ, ಅವನದ್ದು ಎಂತ ತಪ್ಪು. ಸಂಕಪ್ಪನವರು ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮ ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು. "ನಮ್ಮದು ಆಕ್ಷೇಪ ಇಲ್ಲ. ಮಗುವನ್ನು ಕೇಳ್ಲಿಕ್ಕೆ ನಾವು ಒಂದು ದಿನವೂ ಬಂದವರಲ್ಲ" ಎಂದರು.

"ಸರಿ ಮಾರಾಯ್ತಿ, ಕರಿ ಅವಳನ್ನು" ಎಂದರು ಸಂಕಪ್ಪ. "ಇಷ್ಟು ಬಾಯಿ ಇರುವ ಸೊಸೆಯನ್ನು ನಮ್ಮ ಹುಡುಗ ಹೇಗೆ ತಡ್ಕೊಳ್ತಾನೋ ದೇವರೇ ಬಲ್ಲ."

ಆದರೆ ಅಪ್ಪೆ ಬರಲಿಲ್ಲ. ಸಭೆ ಒಪ್ಪಿದರೂ ಅವಳು ಒಪ್ಪಬೇಕಲ್ಲ. ತಲೆ ಅಲ್ಲಾಡಿಸಿದಳು. "ಬೇಡ. ಕ್ರಮ ಅಂದ್ರೆ ಕ್ರಮ. ನಾನು ಬೇರೆ ಬರಿ, ನೀನು ಬೇರೆ ಬರಿ. ಒಮ್ಮೆ ಸುಳ್ಳು ಹೇಳಿ ಅಲ್ಲಿ ಕೂತದ್ದು ಸಾಕು."

ನಾನು ಹರಿವಾಣದ ಸುಣ್ಣದ ಡಬ್ಬಿಯಲ್ಲಿ ಬೆರಳು ಅದ್ದಿಕೊಂಡು ಅಡುಗೆಮನೆಯ ಬಾಗಿಲಿಗೆ ನಡೆದೆ. ಅವಳ ಪಕ್ಕದ ಕಪ್ಪು ಗೋಡೆಯ ಮೇಲೆ ಬಿಳಿಯಾಗಿ ಎರಡು ಬರೆದೆ. ₆C¹⁴. ಅದರ ಹತ್ತಿರ, ತಾಗಿದ ಹಾಗೆ, ₇N¹⁴.

ಅವಳು ಗೋಡೆ ನೋಡಿದಳು. ಓದಲು ಬಾರದ ಕಣ್ಣು ಅವೆರಡರ ನಡುವೆ ಹೋಗಿ ಬಂತು.

"ಇದು ಆ ಒಳಗೆ ಇಟ್ಕೊಂಡು ಕೂತದ್ದಲ್ವಾ?"

"ಹೌದು."

"ಕೆಳಗಿನದ್ದು ಬೇರೆ ಬೇರೆ."

"ಬೇರೆ ಬೇರೆಯೇ. ಸುಳ್ಳು ಇಲ್ಲ. ಇದು ಆರು, ಇದು ಏಳು."

ಅಪ್ಪೆ ಬೆರಳಿನಿಂದ ಮೊದಲನೆಯದರ ಮೇಲಿನ ಸಂಖ್ಯೆಯನ್ನು ತೋರಿಸಿದಳು. ಬೀಡಿ ಎಲೆಯ ಕಲೆ ಹಿಡಿದ ಬೆರಳು. "ಇದು ಎಷ್ಟು?"

"ಹದಿನಾಲ್ಕು."

"ಮತ್ತೆ ಇದರದ್ದು?"

"ಹದಿನಾಲ್ಕೇ, ಅಪ್ಪೆ."

ಎಷ್ಟೋ ದಿನದ ಮೇಲೆ ಆ ಶಬ್ದ ನನ್ನ ಬಾಯಿಂದ ಬಂದಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಕೈ ತೊಳೆದುಕೊಂಡಳು, ಅಂಗಳಕ್ಕೆ ಇಳಿದಳು. ಹರಿವಾಣ ಎತ್ತಿದಾಗ ಅಡಿಕೆಯೊಂದು ಉರುಳಿ ಕೆಳಗೆ ಬಿತ್ತು. ಸುಂದರ ಎದ್ದು ಎರಡೂ ಕೈ ಚಾಚಿ, ಹರಿವಾಣವನ್ನು ಅವಳ ಕೈಯಿಂದಲೇ ತೆಗೆದುಕೊಂಡ.